ಚೌಕಟ್ಟಿನ ಕೋಟ್

ಬಣ್ಣದ ಇನ್‌ಸ್ಪೆಕ್ಟರ್ ನೀಲಾಂಬಿಕಾ ಉಸಿರು ಬಿಗಿಹಿಡಿದು, ಅಡ್ಡಡ್ಡವಾಗಿ ಫಕೀರಪ್ಪನ ಬಾಗಿಲೊಳಗೆ ನುಸುಳಿದಳು. ಕಾನೂನಿನಂತೆ ಪ್ರತಿ ಮನೆಗೂ ವರ್ಷಕ್ಕೊಂದು ಕೋಟ್ ಬಣ್ಣ ಹೊಡೆಯಲೇಬೇಕು, ಹಳೆಯದನ್ನು ಕೆರೆಯುವಂತಿಲ್ಲ. ಗಳಿಗೆಯಲ್ಲಿ ಒಣಗಿ ಎರಡೆರಡು ಬೆರಳು ಉಬ್ಬುವ ಬಣ್ಣ ಆ ಕೋಣೆಯಲ್ಲಿ ಒಂದು ಮಂಚ, ಎರಡು ಹೆಜ್ಜೆಯಷ್ಟೇ ಜಾಗ ಉಳಿಸಿತ್ತು. ಮಂಚದ ಮೇಲೆ ಅವನ ಹೆಂಡತಿ ನಾಗವ್ವ ಮೊಣಕಾಲು ಮಡಚಿ ಕೂತಿದ್ದಳು. ಸ್ವಿಚ್ಚು ಒತ್ತಲು ಗೋಡೆಯ ತೂತಿನೊಳಗೆ ಮೊಣಕೈವರೆಗೆ ಕೈ ಇಳಿಸಬೇಕಿತ್ತು.

ನೀಲಾಂಬಿಕಾ ಗೋಡೆಗಳನ್ನು ಅಳೆದಳು. ಎಲ್ಲ ಸರಿಯಿತ್ತು.

"ಬಾಗಿಲ ಚೌಕಟ್ಟಿಗೆ ಯಾಕ ಹೊಡದಿಲ್ಲ?"

"ಅದಕ್ಕೂ ಹೊಡದ್ರ ಹೊರಗ ಹೆಂಗ ಹೋಗೂದ್ರಿ ಬಾಯಾರ?" ಎಂದ ಫಕೀರಪ್ಪ. "ಈ ವರ್ಷ ಅದೊಂದು ಬಿಟ್ಟುಬಿಡ್ರಿ."

"ಹದಿನಾರು ವರ್ಷದಾಗ ಒಬ್ಬರಿಗೂ ಬಿಟ್ಟಿಲ್ಲ. ಈಗ, ನನ್ನ ಮುಂದ ಹೊಡೀರಿ."

ಫಕೀರಪ್ಪ ಬ್ರಷ್ ಅದ್ದಿ ಚೌಕಟ್ಟಿಗೆ ಹೊಡೆಯತೊಡಗಿದ. ಅವಳು ಗೋಡೆಗೆ ಒರಗಿ ಫಾರಂ ತುಂಬಿದಳು, ಸಹಿ ಹಾಕಿದಳು, ಸೀಲು ಒತ್ತಿದಳು. ತಲೆಯೆತ್ತಿದರೆ ಬಾಗಿಲಲ್ಲಿ ಬೀದಿ ಅಂಗೈಯಗಲದಷ್ಟೇ ಉಳಿದಿತ್ತು. ಭುಜ ತೂರಿಸಿದಳು, ಹೋಗಲಿಲ್ಲ. ಕೆರೆಯಲೆಂದು ಉಗುರು ಎತ್ತಿದವಳು ಕೈಯಲ್ಲಿದ್ದ ಸೀಲು ನೋಡಿ ಇಳಿಸಿದಳು.

ನಾಗವ್ವ ಕಾಲನ್ನು ಇನ್ನಷ್ಟು ಒಳಗೆಳೆದುಕೊಂಡು ಮಂಚದ ಮೇಲೆ ಜಾಗ ಮಾಡಿದಳು.

"ಇಲ್ಲಿ ಕುಂದರ್ರಿ. ಮೊದಮೊದಲು ಕಾಲು ಜೋಮು ಹಿಡೀತಾವ."