ಯಾರ ಹುಲ್ಲು

"ಕಿವಿ ತೋರ್ಸಿ, ನಾನೇ ನೋಡ್ಬೇಕು," ಎಂದಳು ಜಾಸ್ಲಿನ್. ಬೆವನ್ ಹತ್ತಿರದಲ್ಲಿದ್ದ ಕುರಿಯೊಂದನ್ನು ಅಡ್ಡಹಾಕಿ ಮೊಣಕಾಲುಗಳ ನಡುವೆ ಅದುಮಿ ಹಿಡಿದ. ಕಿವಿಯ ಬಿಲ್ಲೆಯಲ್ಲಿ ಥೆಲ್ಮಾಳ ಜಮೀನಿನ ಸಂಖ್ಯೆಯೇ ಇತ್ತು.

"ಇನ್ನೊಂದು ಹಿಡೀರಿ."

ಥೆಲ್ಮಾ ಜಾಸ್ಲಿನ್‌ಳ ಸೋದರತ್ತೆ. ಈಗ ಪಟ್ಟಣದ ವೃದ್ಧಾಶ್ರಮದಲ್ಲಿದ್ದಾಳೆ, ಬಂದವರ ಗುರುತು ಹತ್ತುವುದಿಲ್ಲ. ಬುದ್ಧಿ ನೆಟ್ಟಗಿದ್ದಾಗಲೇ, ಮುಂದೆ ಅದು ಕೈಕೊಟ್ಟರೆ ಮನೆ, ಹೊಲ, ಕುರಿ ಎಲ್ಲವನ್ನೂ ನೋಡಿಕೊಳ್ಳಲಿ ಎಂದು ಪಕ್ಕದ ಹೊಲದ ಬೆವನ್‌ಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಳು. ಒಡಹುಟ್ಟಿದ ಅಣ್ಣನ ಮಗಳನ್ನು ಬಿಟ್ಟು ನೆರೆಯವನಿಗೆ! ಅಂದಿನಿಂದ ಜಾಸ್ಲಿನ್‌ಗೆ ಅವನ ಮೇಲೆ ಒಂದು ಕಣ್ಣು. ಬೆವನ್‌ನ ಕುರಿಗಳು ನಿಮ್ಮತ್ತೆಯ ಹೊಲದಲ್ಲಿದ್ದವು ಎಂದು ಕಳೆದ ವಾರ ಯಾರೋ ಫೋನ್ ಮಾಡಿದ್ದೇ ತಡ, ಮೆಲ್ಬರ್ನ್‌ನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಅವನನ್ನು ತೆಗೆದುಹಾಕಿ ಎಂದು, ಇಂಥ ಅಧಿಕಾರಪತ್ರಗಳ ಮೇಲೆ ನಿಗಾ ಇಡುವ ಟ್ರಿಬ್ಯುನಲ್‌ಗೆ ಬರೆದ ಅರ್ಜಿ ಕಾರಿನ ಸೀಟಿನ ಮೇಲಿತ್ತು. ಸಹಿಯೊಂದು ಬಾಕಿ.

ಒಂಬತ್ತು ಕುರಿಗಳ ಕಿವಿ ನೋಡಿದ್ದಾಯಿತು. ಒಂಬತ್ತೂ ಥೆಲ್ಮಾಳವೇ.

"ಹಾಗಾದ್ರೆ ಎರಡು ಹೊಲದ ನಡುವಿನ ಬೇಲಿ ಕತ್ತರಿಸಿದ್ಯಾರು?"

"ನಾನೇ. ಕಾಡ್ಗಿಚ್ಚು ಬಂದ ದಿನ. ನನ್ನ ಕುರಿ ಸುಟ್ಟುಹೋಗ್ತಿದ್ವು, ಈ ಕಡೆ ಹೊಡ್ಕೊಂಡೆ. ಬೆಳಿಗ್ಗೆ ವಾಪಸ್ ಅಟ್ಟಿದೆ. ಒಂದು ರಾತ್ರಿ ಮೇದಿದಾವೆ ಅಂತ ಟ್ರಿಬ್ಯುನಲ್‌ಗೆ ಕಾಗದಾನೂ ಹಾಕಿದೀನಿ."

"ನೀವೇ? ಭಾರಿ ಸತ್ಯವಂತರು."

"ಸತ್ಯವೂ ಇಲ್ಲ, ಗಿತ್ಯವೂ ಇಲ್ಲ. ಪವರ್ ಆಫ್ ಅಟಾರ್ನಿಗೆ ಸಹಿ ಹಾಕೋವಾಗ ಥೆಲ್ಮಾಳ ವಕೀಲ ಒಂದು ಗಂಟೆ ತಲೆ ಕೊರೆದಿದಾನೆ. ಅವಳದ್ದು ಅವಳಿಗೆ, ನನ್ನದು ನನಗೆ, ಎರಡೂ ಕಲಸಂಗಿಲ್ಲ."

ಜಾಸ್ಲಿನ್ ನಂಬಲಿಲ್ಲ. ಇಷ್ಟು ನೇರವಾಗಿ ಮಾತಾಡುವವನು ಏನನ್ನೋ ಮುಚ್ಚಿಡುತ್ತಿರಲೇಬೇಕು ಎಂದುಕೊಂಡು ಬೇಲಿಯ ಹತ್ತಿರ ಹೋದಳು. ಗಾಳಿ ತಿರುಗಿ ಬೆಂಕಿ ನಿಂತದ್ದು ಅಲ್ಲಿಯೇ. ಆಚೆ ಬೆವನ್‌ನ ಹೊಲ ಗುಡ್ಡದವರೆಗೂ ಕರಿ ಬೂದಿ. ಈಚೆ ಥೆಲ್ಮಾಳ ಹುಲ್ಲು ಮೊಣಕಾಲೆತ್ತರ. ನಡುವಿನ ತಂತಿಗೆ ಕತ್ತು ಚಾಚಿ ಅವನ ಎಪ್ಪತ್ತು ಕುರಿಗಳು ಸಾಲಾಗಿ ನಿಂತಿದ್ದವು. ಕೂಗುವ ಶಕ್ತಿಯೂ ಅವಕ್ಕೆ ಉಳಿದಿರಲಿಲ್ಲ.

"ಇವಕ್ಕೇನು ಹಾಕ್ತೀರಿ?"

"ಇದ್ದ ಮೇವು ನಿನ್ನೆಗೆ ಮುಗೀತು. ದಾನದ ಹುಲ್ಲಿನ ಲಾರಿ ಗುರುವಾರ ಬರುತ್ತಂತೆ."

ಅಂದು ಸೋಮವಾರ.

"ಬಾಡಿಗೆ ಕೊಟ್ಟು ಇಲ್ಲೇ ಮೇಯಿಸಬಹುದಲ್ಲ?"

"ಕೊಡೋನೂ ನಾನೇ, ಥೆಲ್ಮಾ ಪರವಾಗಿ ಇಸ್ಕೊಳೋನೂ ನಾನೇ. ಹಾಗೆ ಮಾಡಿದ್ರೆ ಮೊದಲು ನೀನೇ ಬಂದು ಕೊರಳಪಟ್ಟಿ ಹಿಡೀತಿದ್ದೆ. ಟ್ರಿಬ್ಯುನಲ್ ಒಪ್ಪಿಗೆ ಕೇಳಿದೀನಿ, ಉತ್ತರ ಬಂದಿಲ್ಲ."

"ನಾನು ಒಪ್ಪಿದೆ ಅಂತ ಇಟ್ಕೊಳಿ."

"ಥೆಲ್ಮಾ ಒಪ್ಬೇಕು ಕಣಮ್ಮ. ಅವಳಿಗೆ ಕುರಿ ಇದ್ದದ್ದೇ ಮರೆತುಹೋಗಿದೆ."

ಅವನು ಇಕ್ಕಳ ತೆಗೆದುಕೊಂಡು, ಬೆನ್ನು ತಿರುಗಿಸಿ, ಬೇಲಿ ಕತ್ತರಿಸಿದ ಕಡೆ ಸದ್ಯಕ್ಕೆ ಸುತ್ತಿಟ್ಟಿದ್ದ ತಂತಿಯನ್ನು ಗಟ್ಟಿಯಾಗಿ ಕಟ್ಟತೊಡಗಿದ. ಬಡಕಲು ಕುರಿಯೊಂದು ತಂತಿಯ ಸಂದಿಯಲ್ಲಿ ನಾಲಿಗೆ ಚಾಚಿತು. ಅದಕ್ಕೆ ಹುಲ್ಲಿನ ತುದಿ ಎಟುಕಲಿಲ್ಲ. ಜಾಸ್ಲಿನ್‌ಗೆ ನೋಡಲಾಗಲಿಲ್ಲ. ಅವನು ಇತ್ತ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿ, ಎರಡು ಕೈ ತುಂಬ ಹುಲ್ಲು ಕಿತ್ತು ಬೇಲಿಯಾಚೆ ಎಸೆದಳು. ಕುರಿಗಳು ಮುಗಿಬಿದ್ದವು.

ಬೆವನ್ ತಿರುಗಲಿಲ್ಲ. ತಂತಿ ಬಿಗಿಯುತ್ತಲೇ ಹೇಳಿದ:

"ಅದು ನಿಮ್ಮತ್ತೆ ಹುಲ್ಲು, ಜಾಸ್ಲಿನ್."