ದಿನಕ್ಕೊಂದು ಗುಳಿಗೆ

ಬೆಳಿಗ್ಗೆ ಗೋಡೆಯ ಯಂತ್ರಕ್ಕೆ ಬೆರಳಿಟ್ಟು ರಕ್ತ ತೋರಿಸದೆ ಯಾರ ಮನೆಯ ಒಲೆಯೂ ಹೊತ್ತುತ್ತಿರಲಿಲ್ಲ. ಗುರುಸಿದ್ದವ್ವನಿಗೆ ಇಂದೂ ಕೆಂಪು ದೀಪವೇ ಬಂತು: ಬಿ-12 ಸಾಲದು. ಸತತ ಮೂರು ದಿನ ಕೆಂಪು ಬಂದವರನ್ನು ಸರ್ಕಾರದ ಗಾಡಿ ಒಯ್ದು, ಕೇಂದ್ರದಲ್ಲಿಟ್ಟು ಮೀನು ತಿನ್ನಿಸುತ್ತಿತ್ತು. ಇದು ಎರಡನೆಯ ದಿನ.

"ಅತ್ತಿ, ಸಸ್ಯಾಹಾರಿಗಳಿಗೆ ದಿನಕ್ಕೊಂದು ಗುಳಿಗಿ ಕೊಡ್ತಾರಲ್ಲ, ನಿಮ್ದು ಎಲ್ಲಿ ಹೋಗ್ತದ?" ಎಂದಳು ಬಸುರಿ ಸೊಸೆ ಶೈಲಾ.

ಮುದುಕಿ ಮಜ್ಜಿಗೆಯ ಲೋಟ ಸೊಸೆಯ ಮುಂದಿಟ್ಟಳು. ಶೈಲಾ ಕುಡಿಯಲೆಂದು ಎತ್ತಿದ ಮಜ್ಜಿಗೆಯಲ್ಲಿ ಗುಳಿಗೆಯ ಗುಲಾಬಿ ಬಣ್ಣದ ಪುಡಿ ತೇಲುತ್ತಿತ್ತು. ಅವಳು ಲೋಟ ಕೆಳಗಿಟ್ಟು ಅತ್ತೆಯತ್ತ ನೋಡಿದಳು.

"ಒಂದರಾಗ ನಿನಗೂ ಕೂಸಿಗೂ ಹೆಂಗ ಸಾಲ್ತದವಾ?" ಎಂದಳು ಗುರುಸಿದ್ದವ್ವ, ತಲೆ ತಗ್ಗಿಸಿ.

ಶೈಲಾ ತನ್ನ ಗುಳಿಗೆಯನ್ನೂ ಅದೇ ಲೋಟಕ್ಕೆ ಪುಡಿಮಾಡಿ ಹಾಕಿ ಅತ್ತೆಯ ಕೈಗಿಟ್ಟಳು.

"ಕುಡೀರಿ. ನಾಳೆ ನನಗ ಕೆಂಪು ಬಂದ್ರೂ ಮುಂದ ಎರಡು ದಿನ ಇರ್ತಾವ. ನಿಮಗಿಲ್ಲ."

ಲೋಟ ಖಾಲಿಯಾಗುವವರೆಗೂ ಅವಳು ಕಣ್ಣು ಕದಲಿಸಲಿಲ್ಲ.