ಮದುವೆ ಓಣಿಯ ಮಳೆಮಾಪಕ

ಮಳೆಮಾಪಕ ಒಣಗಿದ ಓಣಿಗೇ ಮೋಡ ಬರುತ್ತಿದ್ದ ಕಾಲವದು. ಹಾಗಾಗಿ ಮಳೆ ಬಾರದಿರಲೆಂದು ಮದುವೆಯವರು ಹಿಂದಿನ ದಿನವೇ ತಮ್ಮ ಓಣಿಯ ಮಾಪಕಕ್ಕೆ ನೀರು ತುಂಬಿಡುತ್ತಿದ್ದರು.

ಮಗನಿಗೆ ಹೆಣ್ಣು ಕೊಡಲಿಲ್ಲವೆಂಬ ಸಿಟ್ಟಿಗೆ ಫಕೀರಪ್ಪ ಹೋದ ವರ್ಷ ದ್ಯಾಮವ್ವನ ಓಣಿಯ ಮಾಪಕ ಬೋರಲು ಹಾಕಿದ್ದ. ಅಕ್ಷತೆಯ ಹೊತ್ತಿಗೇ ಮಳೆ ಸುರಿದು ಅವಳ ಮಗಳ ಮದುವೆ ಚಪ್ಪರ ಕುಸಿದಿತ್ತು.

ಇಂದು ಅವನ ಮಗನ ಮದುವೆ. ದ್ಯಾಮವ್ವ ಬೆಳಿಗ್ಗೆಯೇ ಅವನ ಓಣಿಯ ಮಾಪಕದ ನೀರು ಚೆಲ್ಲಿ, ಸೆರಗಿನಿಂದ ಒಳಗೆಲ್ಲ ಒರೆಸಿ ಬಂದಳು. ಮೊಬೈಲಿನ ಮಳೆ ರಾಡಾರಿನಲ್ಲಿ ಕೆಂಪು ಕಲೆಯೊಂದು ಅವನ ಚಪ್ಪರದತ್ತ ಹೊರಳಿದ್ದನ್ನು ಕಣ್ತುಂಬ ನೋಡಿ, ಇಳಕಲ್ ಸೀರೆ ಉಟ್ಟು ಮದುವೆಗೆ ಹೊರಟಳು.

"ಬಾ ಯವ್ವಾ, ಹಳೇದೆಲ್ಲಾ ಮರ್ತು ಬಂದೀಯಲ್ಲ, ಛಲೋ ಆತು. ಇಂಥಾ ಬಿಸಿಲಾಗ ಛತ್ರಿ ಯಾಕ?" ಎಂದ ಫಕೀರಪ್ಪ.

"ಹಳೇದೇನೂ ಮರ್ತಿಲ್ಲ, ಅದಕ್ಕ ತಂದೀನಿ," ಎಂದು ದ್ಯಾಮವ್ವ ಛತ್ರಿ ಬಿಚ್ಚಿದಳು.

ಮೊದಲ ಹನಿ ಅವನ ರುಮಾಲಿನ ಮೇಲೆ ಟಪ್ಪೆಂದು ಬಿತ್ತು.